ಮಲೆನಾಡಿನ ಮಳೆಗೆ ಸಕ್ಯುಲೆಂಟ್ ಗಿಡಗಳನ್ನು ಎಂಥ ಕುಂಡದಲ್ಲಿ ಇಡಬೇಕು?

ತೀರ್ಥಹಳ್ಳಿ ಹತ್ತಿರ ಮನೆ, ಎಚೆವೇರಿಯಾ, ಹಾವರ್ಥಿಯಾ, ಜೇಡ್‌ನಂಥ ಸಕ್ಯುಲೆಂಟ್‌ಗಳು, ಅಂದರೆ ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡಗಳು, ಹೋದ ಮಳೆಗಾಲದಲ್ಲಿ ಬುಡ ಕೊಳೆತು ಹೋದವು ಅಂದಿದ್ದೀರಿ. ಈಗ ಚಂದದ ಸೆರಾಮಿಕ್ ಪಾಟ್ ತಂದಿದ್ದೀರಿ, ತೂತಿಲ್ಲ, ತಳಕ್ಕೆ ಜಲ್ಲಿ ಹಾಕಿದರೆ ಸಾಕಾ ಎಂಬುದು ನಿಮ್ಮ ಪ್ರಶ್ನೆ.

ಸಾಕಾಗುವುದಿಲ್ಲ. ಪಾತ್ರೆ ತೊಳೆಯುವ ದಪ್ಪ ಸ್ಪಂಜನ್ನು ನೀರಲ್ಲಿ ಪೂರ್ತಿ ನೆನೆಸಿ, ಅಡ್ಡಕ್ಕೆ ಹಿಡಿದು ನೋಡಿ. ಸ್ವಲ್ಪ ಹೊತ್ತಿಗೆ ತೊಟ್ಟಿಕ್ಕುವುದು ನಿಲ್ಲುತ್ತದೆ. ಈಗ ಹಿಂಡದೆ ಅದನ್ನೇ ಉದ್ದಕ್ಕೆ ನಿಲ್ಲಿಸಿ, ಮತ್ತೆ ನೀರು ಇಳಿಯುತ್ತದೆ. ಕುಂಡದ ಮಣ್ಣೂ ಹೀಗೆಯೇ. ತೂತಿದ್ದರೂ ತಳದ ಒಂದಷ್ಟು ಎತ್ತರದವರೆಗೆ ನೀರನ್ನು ಹಿಡಿದುಕೊಂಡೇ ಇರುತ್ತದೆ. ಎಷ್ಟು ಎತ್ತರ ಎನ್ನುವುದನ್ನು ತೀರ್ಮಾನಿಸುವುದು ಮಣ್ಣಿನ ಕಣಗಳ ಗಾತ್ರ, ಕುಂಡದ ಆಳವಲ್ಲ. ಕೆಳಗೆ ಜಲ್ಲಿ ಹಾಕಿದರೆ, ಮೇಲಿನ ನುಣುಪು ಮಣ್ಣು ಪೂರ್ತಿ ನೆನೆಯುವ ತನಕ ನೀರು ಜಲ್ಲಿಗೆ ಇಳಿಯುವುದಿಲ್ಲ. ಅಂದರೆ ಒದ್ದೆ ಪದರ ಅಷ್ಟು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬಂತು, ಅಷ್ಟೆ. ತೂತಿಲ್ಲದಿದ್ದರಂತೂ ಇಳಿದ ನೀರಿಗೂ ಹೋಗಲು ದಾರಿಯಿಲ್ಲ. ತೂತಿರುವ ಕುಂಡದಲ್ಲಿ, ಮಣ್ಣು ಜಾರದಂತೆ ತೂತಿಗೆ ಸೊಳ್ಳೆಪರದೆಯ ಒಂದು ತುಂಡು ಹಾಕಿ, ಜಲ್ಲಿ ಬೇಡ.

ಅಡಿಕೆ ತೋಟ ಇರುವವರಿಗೆ ಇದರ ಅಪಾಯ ಬೇಗ ಅರ್ಥವಾಗುತ್ತದೆ. ಕೊಳೆರೋಗ ತರುವ, ಶಿಲೀಂಧ್ರದಂಥ ಸೂಕ್ಷ್ಮಜೀವಿ ಫೈಟಾಫ್ತೊರಾ ಮತ್ತು ಅದರ ಹತ್ತಿರದ ಸಂಬಂಧಿ ಪಿಥಿಯಂ, ಇಂಥವೇ ಕುಂಡದಲ್ಲೂ ಬೇರು ಕೊಳೆಸುವುದು. ಇವುಗಳ ಬೀಜಕಣಗಳು ಮಣ್ಣಿನ ನೀರಿನಲ್ಲಿ ಈಜಿ ಬೇರನ್ನು ಮುಟ್ಟುತ್ತವೆ. ಅದಕ್ಕೂ ಮೊದಲೇ, ಗಾಳಿಯಾಡದ ಒದ್ದೆಯಲ್ಲಿ ಉಸಿರುಕಟ್ಟಿ ಬೇರು ಬಡವಾಗಿರುತ್ತದೆ.

ಮಣ್ಣಿನ ಕುಂಡವೇ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಹೌದು, ಮೆರುಗು ಹಚ್ಚದ ಸುಟ್ಟ ಮಣ್ಣಿನ ಕುಂಡವನ್ನೇ ನಾನೂ ಮೊದಲು ಹೇಳುವುದು. ಆದರೆ ಅದು ಕೆಲಸ ಮಾಡುವುದು ಗೋಡೆಯಿಂದ ನೀರು ಜಿನುಗಿ ಆವಿಯಾಗುವುದರಿಂದ. ಜುಲೈಯಲ್ಲಿ ಒಳಗೆ ಕಟ್ಟಿದ ಹಗ್ಗದ ಮೇಲೆ ಬಟ್ಟೆ ಮೂರು ದಿನವಾದರೂ ಒಣಗದ ಊರಲ್ಲಿ ಕುಂಡದ ಗೋಡೆ ಮಾತ್ರ ಹೇಗೆ ಒಣಗೀತು? ಮೇಲಾಗಿ ಹೊರಗೆ ಪಾಚಿ ಕಟ್ಟಿದರೆ ಆವಿಯಾಗುವುದು ಇನ್ನೂ ನಿಧಾನ. ತೆಂಗಿನ ನಾರಿನಿಂದ ಆಗಾಗ ಉಜ್ಜುತ್ತಿರಿ. ಶಿವಮೊಗ್ಗ ಪೇಟೆಯವರು, ಶಿಕಾರಿಪುರ ಕಡೆಯವರು ಮಣ್ಣಿನ ಕುಂಡ ಒಂದನ್ನೇ ನಂಬಿ ನಡೆಸಬಹುದು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಮಗ್ಗುಲಲ್ಲಿ ಇರುವವರಿಗೆ ಅದು ಸಾಲದು.

ಅದಕ್ಕಿಂತ ಮುಖ್ಯ ಅಳತೆ. ಎಲೆಗಳ ಸುತ್ತು 3 ಇಂಚು ಅಗಲವಿದ್ದರೆ ಕುಂಡದ ಬಾಯಿ 4 ಇಂಚು ಸಾಕು, ಅಂದರೆ ಸುತ್ತಲೂ ಅರ್ಧ ಇಂಚು. "ಹೇಗೂ ಬೆಳೆಯುತ್ತದಲ್ಲ" ಎಂದು 8 ಇಂಚಿನದರಲ್ಲಿ ನೆಟ್ಟರೆ ಬೇರು ತಲುಪದ ಮಣ್ಣಿನ ನೀರನ್ನು ಹೀರುವವರೇ ಇಲ್ಲ, ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ತೀರಾ ತಟ್ಟೆಯಂಥ ಕುಂಡವೂ ಬೇಡ. ಸ್ಪಂಜಿನ ಲೆಕ್ಕದಲ್ಲಿ ಅದರ ಮಣ್ಣಿನ ಬಹುಪಾಲು ಒದ್ದೆ ಪದರದಲ್ಲೇ ಸಿಕ್ಕಿಕೊಳ್ಳುತ್ತದೆ. ಹಾವರ್ಥಿಯಾದ್ದು ದಪ್ಪ, ಆಳಕ್ಕಿಳಿಯುವ ಬೇರು, ಅದಕ್ಕೆ 4 ಇಂಚಾದರೂ ಆಳ ಬೇಕು. ಜೇಡ್ ಗಿಡ ತಲೆಭಾರವಾಗಿ ಮಗುಚುತ್ತದೆ, ತೂಕದ ಕುಂಡ ಕೊಡಿ. ಸ್ನೇಕ್ ಪ್ಲಾಂಟಿನ ಗೆಡ್ಡೆ ಅಡ್ಡಕ್ಕೆ ಹರಡಿ ತೆಳು ಪ್ಲಾಸ್ಟಿಕ್ಕನ್ನು ಸೀಳಿಬಿಡುತ್ತದೆ, ಅದಕ್ಕೆ ಅಗಲ ಬಾಯಿಯದು. ಹೊಟ್ಟೆ ದೊಡ್ಡದಾಗಿ ಕತ್ತು ಸಣ್ಣಗಿರುವ ಕುಂಡವನ್ನು ಯಾವ ಗಿಡಕ್ಕೂ ತರಬೇಡಿ, ಗಿಡ ಬದಲಿಸುವ ದಿನ ಒಡೆಯದೆ ಬೇರೆ ದಾರಿ ಇರುವುದಿಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ ಬೆರಳಗಂಟಿನಿಂದ ತಟ್ಟಿ ನೋಡಿ. ಚೆನ್ನಾಗಿ ಬೆಂದದ್ದು ಟಣ್ ಎನ್ನುತ್ತದೆ. ಬಿರುಕಿದ್ದರೆ, ಅರೆಬೆಂದಿದ್ದರೆ ಮಂದ ಸದ್ದು. ತಳದ ತೂತು ಕಿರುಬೆರಳು ಹೋಗುವಷ್ಟಾದರೂ ಇರಲಿ. ಎಷ್ಟೋ ಕುಂಡಗಳಲ್ಲಿ ಒಳಗಿನ ಮಣ್ಣಿನ ಚಕ್ಕೆ ತೂತನ್ನು ಅರ್ಧ ಮುಚ್ಚಿರುತ್ತದೆ, ಮೊಳೆಯಿಂದ ಕೆರೆದು ತೆಗೆಯಿರಿ. ಪ್ಲಾಸ್ಟಿಕ್ ಪಾಟ್ ಇದ್ದರೂ ತಪ್ಪಿಲ್ಲ. ಕಾಯಿಸಿದ ಮೊಳೆಯಿಂದ ತಳದಲ್ಲಿ ಐದಾರು ತೂತು ಮಾಡಿ, ನೀರು ಇನ್ನೂ ಕಡಿಮೆ ಕೊಟ್ಟರಾಯಿತು. ಹೊಸ ಸಿಮೆಂಟ್ ಕುಂಡದ ಸುಣ್ಣದಂಶ ಹೋಗಲು ವಾರವಿಡೀ ನೀರು ಬದಲಿಸುತ್ತಾ ನೆನೆಹಾಕಬೇಕು. ತೆಂಗಿನ ನಾರಿನ ಕುಂಡ ನೀರನ್ನು ಹಿಡಿದಿಡುತ್ತದೆ, ನಮ್ಮ ಮಳೆಗಾಲಕ್ಕೆ ಹೇಳಿದ್ದಲ್ಲ.

ಕುಂಡ ಎಷ್ಟು ಒಳ್ಳೆಯದಾದರೂ ಒಳಗೆ ಬರೀ ತೋಟದ ಮಣ್ಣಿದ್ದರೆ ಉಪಯೋಗವಿಲ್ಲ. ಒಂದು ಪಾಲು ಕೆಮ್ಮಣ್ಣು, ಎರಡು ಪಾಲು ಜಂಬಿಟ್ಟಿಗೆ ಅಥವಾ ಇಟ್ಟಿಗೆಯ ಚೂರು, ಅರ್ಧ ಪಾಲು ಚೆನ್ನಾಗಿ ಕಳಿತ ಗೊಬ್ಬರ. ಚೂರು ಕಡಲೆಬೇಳೆಯಿಂದ ಕಡಲೆಕಾಳಿನಷ್ಟು ಗಾತ್ರ ಇರಲಿ. ಜರಡಿ ಹಿಡಿದು ಪುಡಿಯನ್ನು ತೆಗೆದುಬಿಡಿ, ತೂತು ಕಟ್ಟುವುದು ಅದೇ ಪುಡಿ. ನರ್ಸರಿಯಿಂದ ತಂದ ಗಿಡದ ಬೇರಿನ ಸುತ್ತ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿಯ ಉಂಡೆ ಇರುತ್ತದೆ, ಅದನ್ನು ಬಿಡಿಸಿಯೇ ನೆಡಬೇಕು. ಹಾಗೇ ಇಟ್ಟರೆ ಹೊರಗಿನ ಮಿಶ್ರಣ ಒಣಗಿದ್ದರೂ ನಡುವಿನ ಉಂಡೆ ಒದ್ದೆಯಾಗಿಯೇ ಇರುತ್ತದೆ, ಕೊಳೆತ ಅಲ್ಲಿಂದ ಶುರು. ಬಿಡಿಸುವಾಗ ಬೇರು ಹರಿದಿದ್ದರೆ ನೆಟ್ಟ ಮೇಲೆ ಐದಾರು ದಿನ ನೀರು ಹಾಕಬೇಡಿ, ಗಾಯ ಒಣಗಲಿ.

ಕುಂಡವನ್ನು ಜಗಲಿಯ ನೆಲದ ಮೇಲೆ ನೇರವಾಗಿ ಕೂರಿಸಬೇಡಿ. ನಯವಾದ ನೆಲಕ್ಕೂ ತಳಕ್ಕೂ ನಡುವೆ ನೀರಿನ ತೆಳು ಪೊರೆ ನಿಂತು ತೂತನ್ನು ಮುಚ್ಚುತ್ತದೆ. ಒಡೆದ ಹೆಂಚಿನ ಮೂರು ಚೂರು ಕೆಳಗೆ ಕೊಟ್ಟರೆ ಗಾಳಿ ಆಡುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಸೂರಿನ ನೀರು, ಇರಿಚಲು ಎರಡೂ ತಾಗದ, ಬೆಳಕಿರುವ ಕಡೆ ಇಡಿ. ಒದ್ದೆ ಗೊತ್ತಾಗಲು ಮಸಾಲೆ ಕೆರೆದ ಊದುಬತ್ತಿ ಕಡ್ಡಿಯನ್ನು ತಳದ ತನಕ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ಕಪ್ಪಗೆ, ತಣ್ಣಗೆ ಬಂದರೆ ನೀರು ಬೇಡ.

ನಿಮ್ಮ ಸೆರಾಮಿಕ್ ಪಾಟನ್ನು ಬಿಸಾಡಬೇಕಿಲ್ಲ. ಸುಲಭದ ದಾರಿ, ಗಿಡವನ್ನು ತೂತಿರುವ ಪ್ಲಾಸ್ಟಿಕ್ ಪಾಟಿನಲ್ಲೇ ಬಿಟ್ಟು ಸೆರಾಮಿಕ್ಕಿನ ಒಳಗೆ ಇಳಿಸುವುದು. ನೀರು ಹಾಕುವಾಗ ಹೊರಗೆ ತೆಗೆದು, ಪೂರ್ತಿ ಇಳಿದ ಮೇಲೆ ವಾಪಸ್ ಇಡಿ. ತೂತೇ ಮಾಡುವುದಾದರೆ ಟೈಲ್ಸ್ ಕೊರೆಯುವ 10 ಮಿಲಿಮೀಟರಿನ ಡೈಮಂಡ್ ಬಿಟ್ ಬೇಕು. ಪಾಟನ್ನು ಮಡಚಿದ ಗೋಣಿಚೀಲದ ಮೇಲೆ ಬೋರಲು ಹಾಕಿ, ಡ್ರಿಲ್ಲಿನ ಹ್ಯಾಮರ್ (ಬಡಿಯುತ್ತಾ ಕೊರೆಯುವ ಸ್ವಿಚ್) ಬಂದ್ ಮಾಡಿ, ನಿಧಾನದ ವೇಗದಲ್ಲಿ ಕೊರೆಯಿರಿ. ಬ್ಯಾಟರಿ ಡ್ರಿಲ್ ಆದರೆ ಒಳ್ಳೆಯದು, ಏಕೆಂದರೆ ಬಿಟ್ ಕಾಯದಂತೆ ಆಗಾಗ ನೀರು ಚಿಮುಕಿಸುತ್ತಲೇ ಇರಬೇಕು. ತೂತು ಬೀಳುವ ಕೊನೇ ಗಳಿಗೆಯಲ್ಲಿ ಕೈಯ ಭಾರ ಪೂರ್ತಿ ಸಡಿಲಿಸಿ, ಒತ್ತಿದರೆ ಒಳಮೈ ಚಕ್ಕೆಯೆದ್ದು ತಳವೇ ಸೀಳುತ್ತದೆ.