ಕಿರಿಸೊಸೆಯ ಹೆಸರು ಎಲ್ಲಿ ಬರೆಯಬೇಕು?

(ಗುರುತು ಸಿಗದಂತೆ ವಯಸ್ಸು, ಕಸುಬಿನ ಕೆಲವು ವಿವರ ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಮನೆತನದ ಉದ್ಯಮಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಈ ಮನೆಯಿಂದ ಮೊದಲು ಫೋನ್ ಮಾಡಿದ್ದು ಮಗ. ವಯಸ್ಸು 45. ತಾತ ಕಟ್ಟಿದ ಎರಕದ ಕಾರ್ಖಾನೆಯಲ್ಲಿ 20 ವರ್ಷದಿಂದ ದುಡಿಯುತ್ತಿದ್ದಾರೆ. "ಮೇಡಂ, ಇವತ್ತಿಗೂ ಒಂದು ಚೆಕ್‌ ಕೊಡಬೇಕಂದ್ರೆ ಅಪ್ಪ ಬಂದು ಸಹಿ ಹಾಕೋವರೆಗೂ ಕಾಯಬೇಕು. ಬಿಟ್ಟು ಹೋಗಿಬಿಡ್ಲಾ ಅನ್ಸುತ್ತೆ" ಅಂದರು.

ಕಾರ್ಖಾನೆ ಇಬ್ಬರು ಅಣ್ಣತಮ್ಮಂದಿರದು, ಅರ್ಧ ಅರ್ಧ ಪಾಲು. ಅಣ್ಣನಿಗೆ 73, ತಮ್ಮನಿಗೆ 66. ಅಣ್ಣನ ಮಗ ಉತ್ಪಾದನೆ ನೋಡುತ್ತಾರೆ, ಅಳಿಯ ಮಾರಾಟ ನೋಡುತ್ತಾರೆ. ತಮ್ಮನಿಗೆ ಒಬ್ಬಳೇ ಮಗಳು. ಲೋಹದ ಎಂಜಿನಿಯರಿಂಗ್ ಓದಿ, ಬೇರೆ ಕಡೆ ಆರು ವರ್ಷ ಕೆಲಸ ಮಾಡಿ ಬಂದಿದ್ದಾಳೆ. ಅವಳನ್ನು ಕಾರ್ಖಾನೆಗೆ ಕರೆಯಬೇಕು ಅಂತ ಯಾರಿಗೂ ಹೊಳೆದೇ ಇಲ್ಲ.

ಮೊದಲ ಭೇಟಿಯಲ್ಲೇ ನಾನು ಒಂದು ತಪ್ಪು ಮಾಡಿದೆ. ಕುಳಿತ ಹತ್ತು ನಿಮಿಷಕ್ಕೆ "ನಿಮ್ಮ ನಂತರ ಯಾರು?" ಅಂತ ದೊಡ್ಡವರನ್ನು ಕೇಳಿಬಿಟ್ಟೆ. ಅವರು ಎದ್ದು ಹೊರಟೇಹೋದರು. ಅವರ ಕಿವಿಗೆ ಅದು ಕೇಳಿದ್ದು "ನೀವು ಯಾವಾಗ ಸಾಯ್ತೀರಿ?" ಅಂತ. ಹಿರಿಯರ ಜೊತೆ ಈ ಮಾತನ್ನು ಅಲ್ಲಿಂದ ಶುರು ಮಾಡಬಾರದು. ಅವರು ಕಟ್ಟಿದ್ದೇನು, ಅದರಲ್ಲಿ ಯಾವುದು ಉಳಿಯಬೇಕು ಅನ್ನುವಲ್ಲಿಂದ ಶುರು ಮಾಡಬೇಕು. ಮೂರು ವಾರ ಬಿಟ್ಟು ನಾನೇ ಕಾರ್ಖಾನೆಗೆ ಹೋಗಿ ಕ್ಷಮೆ ಕೇಳಿದೆ.

ಅವತ್ತು ಅವರು ಅಚ್ಚಿನ ಮರಳಿನ ರಾಶಿ ಹತ್ತಿರ ನಿಂತಿದ್ದರು. ಒಂದು ಹಿಡಿ ಮರಳು ತೆಗೆದು ಮುಷ್ಟಿಯಲ್ಲಿ ಅಮುಕಿ, ಕೈ ಬಿಚ್ಚಿ ತೋರಿಸಿದರು. ಬೆರಳಿನ ಗುರುತು ಅಚ್ಚೊತ್ತಿದ ಹಾಗೆ ನಿಂತಿತ್ತು. ಆ ಮುದ್ದೆಯನ್ನು ಎರಡು ತುಂಡು ಮಾಡಿದರು. ಪುಡಿಯಾಗದೆ ನೀಟಾಗಿ ಮುರಿಯಿತು. "ಇಷ್ಟು ನೀರು ಸಾಕು. ಜಾಸ್ತಿ ಆದ್ರೆ ಎರಕದಲ್ಲಿ ಗಾಳಿ ತೂತು ಬೀಳುತ್ತೆ, ಕಮ್ಮಿ ಆದ್ರೆ ಅಚ್ಚು ಉದುರುತ್ತೆ. ಇದನ್ನ ಯಾರಿಗೆ ಹೇಳ್ಲಿ? ಮಗನಿಗೆ ಮೀಟರ್ ಇದೆಯಂತೆ." ಸಮಸ್ಯೆ ಚೆಕ್‌ಬುಕ್‌ನದಲ್ಲ ಅಂತ ನನಗೆ ಆಗ ಗೊತ್ತಾಯಿತು. 50 ವರ್ಷ ಜೀವ ತೇಯ್ದು ಕಲಿತದ್ದು ಯಾರಿಗೂ ಬೇಡವಾಯಿತಲ್ಲ ಅನ್ನುವ ನೋವು ಅದು. ಸಹಿಯ ಅಧಿಕಾರವನ್ನೂ ಬಿಟ್ಟರೆ ತಾನು ಅಲ್ಲಿ ಯಾರೂ ಅಲ್ಲ ಅನ್ನುವ ಹೆದರಿಕೆ.

ಎರಡನೇ ಭೇಟಿಗೆ ಎಲ್ಲರೂ ಬಂದರು. ಮೇಜಿನ ಮೇಲೆ ದೊಡ್ಡ ಹಾಳೆ ಹಾಸಿ, ಒಂದರೊಳಗೊಂದು ಸ್ವಲ್ಪ ಸೇರುವ ಹಾಗೆ ಮೂರು ವೃತ್ತ ಬರೆದೆ. ಒಂದು ಮನೆತನ, ಒಂದು ಮಾಲೀಕತ್ವ, ಒಂದು ಕೆಲಸ. 1978ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಟಾಗ್ಯೂರಿ ಮತ್ತು ಡೇವಿಸ್ ರೂಪಿಸಿದ ಚಿತ್ರ ಇದು. ಇಷ್ಟು ಸರಳವಾದ ಚಿತ್ರ ಇಷ್ಟೊಂದು ಜಗಳವನ್ನು ಬಿಡಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. "ನಿಮ್ಮ ನಿಮ್ಮ ಹೆಸರು ಎಲ್ಲಿ ಬರಬೇಕೋ ಅಲ್ಲಿ ಬರೀರಿ" ಅಂದೆ.

ಅಣ್ಣತಮ್ಮ ಇಬ್ಬರೂ ಮೂರೂ ವೃತ್ತ ಸೇರುವ ನಡುವಿನಲ್ಲಿ ಬರೆದರು. ಮಗ ಮನೆತನ ಮತ್ತು ಕೆಲಸದ ಜಾಗದಲ್ಲಿ ಬರೆದು, ಮಾಲೀಕತ್ವದ ಗೆರೆಯನ್ನು ಒಂದು ಗಳಿಗೆ ನೋಡಿದರು. ಅಳಿಯನೂ ಅಲ್ಲೇ ಬರೆದರು. ತಮ್ಮನ ಮಗಳು ಮನೆತನದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಳು. ಆಮೇಲೆ ಪೆನ್ನು ಅವಳ ತಾಯಿಯ ಕೈಗೆ ಬಂತು.

ಈ ಮನೆಯ ಕಿರಿಸೊಸೆ 22 ವರ್ಷದಿಂದ ಕಾರ್ಖಾನೆಯ ಲೆಕ್ಕ ಬರೆಯುತ್ತಿದ್ದಾರೆ. ಸಂಬಳ ಇಲ್ಲ, ಪಾಲೂ ಇಲ್ಲ. ಪೆನ್ನಿನ ತುದಿ ಕೆಲಸದ ವೃತ್ತದ ಮೇಲೆ ಹೋಯಿತು, ಹಿಂದೆ ಬಂತು. "ನಾನು ಎಲ್ಲಿ ಬರೀಲಿ?" ಅಂತ ಗಂಡನನ್ನು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಕಡೆಗೆ ದೊಡ್ಡವರೇ ಬಾಯಿ ಬಿಟ್ಟರು. "ಕೆಲಸದಲ್ಲಿ ಬರಿಯಮ್ಮ. ನಿನ್ನ ಬಿಟ್ರೆ ನಮ್ಮ ಲೆಕ್ಕ ಯಾರಿಗೆ ಗೊತ್ತು?"

ಅಲ್ಲಿಂದ ಮಾತು ಹರಿಯಿತು. ಈ ಮನೆಯಲ್ಲಿ ಎಲ್ಲರೂ ಒಂದು ವೃತ್ತದ ಸಿಟ್ಟನ್ನು ಇನ್ನೊಂದರಲ್ಲಿ ತೀರಿಸಿಕೊಳ್ಳುತ್ತಿದ್ದರು. ಮಗ ಸಂಬಳ ಜಾಸ್ತಿ ಕೇಳಿದರೆ ದೊಡ್ಡವರು ಅಪ್ಪನಾಗಿ ಗದರುತ್ತಿದ್ದರು. ತಮ್ಮ ಲಾಭದ ಲೆಕ್ಕ ಕೇಳಿದರೆ ಅಣ್ಣನ ಮೇಲೆ ನಂಬಿಕೆ ಇಲ್ಲ ಅಂತಾಗುತ್ತಿತ್ತು. ಅಳಿಯನ ಕೆಲಸ ಸರಿಯಿಲ್ಲ ಅಂದರೆ ಮಗಳು ಕಣ್ಣೀರು ಹಾಕುತ್ತಿದ್ದರು.

ನಾನು ಕೊಟ್ಟ ಮೊದಲ ಸಲಹೆ ದುಡ್ಡಿಗೆ ಸಂಬಂಧಪಟ್ಟದ್ದು. ಕೆಲಸಕ್ಕೆ ಸಂಬಳ, ಪಾಲಿಗೆ ಲಾಭಾಂಶ, ಕಷ್ಟಕ್ಕೆ ಮನೆಯ ಸಹಾಯ. ಮೂರನ್ನೂ ಬೇರೆ ಬೇರೆ ಪುಸ್ತಕದಲ್ಲಿ ಬರೆಯಿರಿ. ಸಂಬಳ ಎಷ್ಟಿರಬೇಕು ಅಂದರೆ, ಅದೇ ಕೆಲಸಕ್ಕೆ ಹೊರಗಿನವರನ್ನು ಇಟ್ಟುಕೊಂಡರೆ ಎಷ್ಟು ಕೊಡುತ್ತಿದ್ದಿರೋ ಅಷ್ಟು. ಕಿರಿಸೊಸೆಯಿಂದಲೇ ಶುರುವಾಗಲಿ ಅಂದೆ. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಎರಡನೆಯದು ಕಷ್ಟದ್ದು: ಮುಂದೆ ನಡೆಸುವವರು ಯಾರು? ದೊಡ್ಡವರ ಮನಸ್ಸಿನಲ್ಲಿ ಉತ್ತರ ಆಗಲೇ ಇತ್ತು. ಹಿರಿ ಮಗನ ಹಿರಿ ಮಗ. ಅವರಿಗೆ ಜಪಾನಿನ ಕೊಂಗೊ ಗುಮಿಯ ಕಥೆ ಹೇಳಿದೆ. 578ರಲ್ಲಿ ದೇವಾಲಯ ಕಟ್ಟುವುದಕ್ಕೆ ಶುರುವಾದ ಮನೆತನ ಅದು. 1,400 ವರ್ಷಕ್ಕೂ ಹೆಚ್ಚು ಕಾಲ ಒಂದೇ ಕುಟುಂಬ ನಡೆಸಿತು. ಹಿರಿಯ ಮಗ ಅಂತ ಕಣ್ಣು ಮುಚ್ಚಿ ಯಜಮಾನಿಕೆ ಕೊಡಲಿಲ್ಲ, ಕೆಲಸ ಬಲ್ಲವರನ್ನು ನೋಡಿದರು. ತಕ್ಕ ಮಗ ಇಲ್ಲದಾಗ ಅಳಿಯನನ್ನು ಮನೆಯ ಹೆಸರಿಗೇ ಸೇರಿಸಿಕೊಂಡು ಕೂರಿಸಿದರು. 1930ರ ದಶಕದಲ್ಲಿ ಯಜಮಾನ ತೀರಿಕೊಂಡಾಗ ಅವರ ಹೆಂಡತಿ ಯೋಶಿಎ ಮುಂದೆ ನಿಂತು ನಡೆಸಿದರು. ದೊಡ್ಡವರು "ಈಗಲೂ ಇದೆಯಾ?" ಅಂತ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಜಮೀನಿನ ಬೆಲೆ ಏರುತ್ತಿದ್ದ ಕಾಲದಲ್ಲಿ ಸಾಲ ಮಾಡಿ ಆಸ್ತಿಗೆ ಹಾಕಿದರು, ಬೆಲೆ ಕುಸಿಯಿತು, 2006ರಲ್ಲಿ ಬೇರೊಂದು ಕಂಪನಿಯ ಕೈ ಸೇರಿತು. ಅವರು ತುಂಬಾ ಹೊತ್ತು ಸುಮ್ಮನಿದ್ದರು. ಈ ಮನೆಯಲ್ಲೂ ಕಾರ್ಖಾನೆಯ ಹೆಸರಲ್ಲಿ ಸಾಲ ತೆಗೆದು ನಿವೇಶನ ಕೊಳ್ಳುವ ಮಾತು ನಡೆದಿತ್ತು ಅಂತ ಆಮೇಲೆ ಗೊತ್ತಾಯಿತು. ಆ ಯೋಚನೆ ಅಲ್ಲಿಗೇ ನಿಂತಿತು.

ಮಾಲೀಕರೇ ನಡೆಸಬೇಕು ಅಂತಲೂ ಇಲ್ಲ. ಜರ್ಮನಿಯ ಔಷಧ ಕಂಪನಿ ಮರ್ಕ್ 1668ರ ಒಂದು ಔಷಧ ಅಂಗಡಿಯಿಂದ ಬೆಳೆದದ್ದು. ಇವತ್ತಿಗೂ ನೂರಕ್ಕೆ ಸುಮಾರು 70 ಪಾಲು ಬಂಡವಾಳ ಕುಟುಂಬದ್ದು, ದಿನದ ಆಡಳಿತ ಹೊರಗಿನ ವೃತ್ತಿಪರರದು. ನಿಮ್ಮ ಮೊಮ್ಮಕ್ಕಳಿಗೆ ಎರಕದ ಕೆಲಸ ಇಷ್ಟವಾಗದೆ ಹೋದರೂ ಅವರು ಒಳ್ಳೆಯ ಮಾಲೀಕರಾಗಬಹುದು ಅಂದೆ. ಇದನ್ನು ಕೇಳಿ ಮಗನ ಮುಖ ಸಡಿಲವಾದದ್ದು ನನಗೆ ಕಂಡಿತು. ಅವರ ಹುಡುಗನಿಗೆ ಸಂಗೀತದ ಹುಚ್ಚು.

ಹೊಸಬರು ಸೇರುವ ನಿಯಮವನ್ನು ಅವರೇ ಬರೆದರು. ಹೊರಗೆ ಮೂರು ವರ್ಷವಾದರೂ ದುಡಿದಿರಬೇಕು. ಖಾಲಿ ಜಾಗ ಇದ್ದರೆ ಮಾತ್ರ ಸೇರಬೇಕು. ಸ್ವಂತ ಅಪ್ಪ ಅಮ್ಮನ ಕೈಕೆಳಗೆ ಅಲ್ಲ, ಮನೆಯವರಲ್ಲದ ಮೇಲಧಿಕಾರಿಯ ಕೆಳಗೆ. ಬರೆದು ಮುಗಿಸಿದ ಮೇಲೆ ನೋಡಿದರೆ ಆ ನಿಯಮಕ್ಕೆ ಪೂರ್ತಿ ಹೊಂದುವುದು ತಮ್ಮನ ಮಗಳೊಬ್ಬಳೇ.

ನಾನು ತುಂಬಾ ಹಟ ಹಿಡಿದದ್ದು ಹೊರಗೆ ಹೋಗುವ ದಾರಿಯ ಬಗ್ಗೆ. ಯಾರಿಗಾದರೂ ಪಾಲು ಬೇಡ ಅನ್ನಿಸಿದರೆ ಬೆಲೆ ಕಟ್ಟುವವರು ಯಾರು, ಎಷ್ಟು ವರ್ಷದಲ್ಲಿ ದುಡ್ಡು ಕೊಡಬೇಕು, ಹೊರಗಿನವರಿಗೆ ಮಾರಬಹುದಾ? "ಒಡಕಿನ ಮಾತು ಈಗ್ಯಾಕೆ ಮೇಡಂ?" ಅಂತ ತಮ್ಮ ಬೇಸರ ಮಾಡಿಕೊಂಡರು. ಈಗಲೇ ಆಡಬೇಕು. ಎಲ್ಲರೂ ಮುಖ ಕೊಟ್ಟು ಮಾತಾಡುವ ಕಾಲದಲ್ಲಿ ಬರೆದ ನಿಯಮವನ್ನು ಜಗಳದ ಕಾಲದಲ್ಲೂ ನಂಬಬಹುದು. ಬಾಗಿಲು ಇದೆ ಅಂತ ಗೊತ್ತಿದ್ದವನು ಒಳಗೆ ನೆಮ್ಮದಿಯಾಗಿ ಕೂರುತ್ತಾನೆ.

ಹಾಗೆ ಬೇರೆಯಾದರೂ ಕಸುಬು ಉಳಿಯಬಹುದು. ಜಿಲ್ಡ್ಜಿಯನ್ ಮನೆತನದವರು 1623ರಿಂದ ಕಂಚಿನ ತಾಳ ತಯಾರಿಸುತ್ತಾ ಬಂದವರು, ಮೊದಲು ಇಸ್ತಾಂಬುಲ್‌ನಲ್ಲಿ, ಆಮೇಲೆ ಅಮೆರಿಕದಲ್ಲಿ. ತಂದೆ 1979ರಲ್ಲಿ ತೀರಿಕೊಂಡ ಮೇಲೆ ಅಣ್ಣತಮ್ಮಂದಿರಿಗೆ ಹೊಂದಲಿಲ್ಲ. ತಮ್ಮ ರಾಬರ್ಟ್ ಕೆನಡಾದ ಕಾರ್ಖಾನೆ ತೆಗೆದುಕೊಂಡು ತನ್ನ ಮೂವರು ಮಕ್ಕಳ ಹೆಸರಿನ ಅಕ್ಷರ ಸೇರಿಸಿ ಸೇಬಿಯನ್ ಅಂತ ಹೊಸ ಕಂಪನಿ ಕಟ್ಟಿದರು. ಎರಡೂ ಇವತ್ತಿಗೂ ನಡೆಯುತ್ತಿವೆ. ಗಂಡುಮಕ್ಕಳಿಗಷ್ಟೇ ಹೇಳಿಕೊಡುತ್ತಿದ್ದ ಮಿಶ್ರಲೋಹದ ಗುಟ್ಟು ಮುಂದೆ ಅಣ್ಣನ ಹೆಣ್ಣುಮಕ್ಕಳಿಗೆ ಬಂತು. ಈ ಕೊನೆಯ ಮಾತು ಹೇಳುವಾಗ ನಾನು ಬೇಕೆಂದೇ ತಮ್ಮನ ಮಗಳ ಕಡೆ ನೋಡಿದೆ.

ದೊಡ್ಡವರಿಗೆ ಒಂದೇ ಸಲಹೆ. ಒಮ್ಮೆಗೇ ಎಲ್ಲ ಬಿಡಬೇಡಿ, ಆದರೆ ತಾರೀಖು ಹಾಕಿ. ಮೊದಲ ಆರು ತಿಂಗಳು ಇಂತಿಷ್ಟು ಮೊತ್ತದವರೆಗೆ ಮಗನ ಸಹಿ, ಆಮೇಲೆ ಇನ್ನಷ್ಟು, ಎರಡನೇ ವರ್ಷದ ಕೊನೆಗೆ ಪೂರ್ತಿ. ಆ ಎರಡು ವರ್ಷ ದಿನಕ್ಕೆ ಒಂದು ಗಂಟೆ ನಿಮ್ಮ ತಲೆಯಲ್ಲಿರುವುದನ್ನು ಹೇಳುತ್ತಾ ಹೋಗಿ, ಒಬ್ಬರು ಬರೆದುಕೊಳ್ಳಲಿ. ಯಾವ ಗಿರಾಕಿಯ ಬಾಯಿಮಾತು ನಂಬಬಹುದು, ಯಾರಿಗೆ ಉದ್ರಿ ಕೊಡಬಾರದು, ಯಾವ ಕುಲುಮೆ ಹೇಗೆ ಹಟ ಮಾಡುತ್ತದೆ, ಮರಳಿಗೆ ಎಷ್ಟು ನೀರು.

ಬರೆದುಕೊಳ್ಳಲು ಬಂದವಳು ತಮ್ಮನ ಮಗಳು. ಈಗ 14 ತಿಂಗಳಾಗಿದೆ. ನಾಲ್ಕನೇ ನೋಟ್‌ಬುಕ್ ನಡೆಯುತ್ತಿದೆ. ದೊಡ್ಡಪ್ಪ ಮುಷ್ಟಿಯಲ್ಲಿ ಹಿಡಿದು "ಸರಿ" ಅಂದ ಮರಳನ್ನೆಲ್ಲ ಅವಳು ಮೀಟರ್‌ನಲ್ಲೂ ಅಳೆದು ಪಕ್ಕದಲ್ಲಿ ಅಂಕಿ ಬರೆಯುತ್ತಾಳೆ. ಮಗನಿಗೆ ಮೊದಲ ಹಂತದ ಸಹಿ ಸಿಕ್ಕಿದೆ. ಎರಡನೇ ಹಂತ ಎರಡು ತಿಂಗಳು ತಡವಾಯಿತು, ಒಮ್ಮೆ ಕೂಗಾಟವೂ ಆಯಿತು, ಆದರೆ ಬಂತು. ಅಳಿಯನ ಕೆಲಸದ ಮಾತು ಇನ್ನೂ ಮುಗಿದಿಲ್ಲ. ಅದನ್ನು ಅಳೆಯಲು ಹೊರಗಿನ ಇಬ್ಬರು ಅನುಭವಿಗಳನ್ನು ಆಡಳಿತ ಮಂಡಳಿಗೆ ತೆಗೆದುಕೊಂಡಿದ್ದಾರೆ. ಪಾಲಿನ ಬೆಲೆ ಕಟ್ಟುವ ಜಾಗ ಹಾಳೆಯಲ್ಲಿ ಖಾಲಿಯಾಗಿಯೇ ಇದೆ. ಮುಂದಿನ ಭೇಟಿಗೆ ಅದೊಂದೇ ವಿಷಯ ಇಟ್ಟುಕೊಂಡಿದ್ದೇವೆ. ಹಿಂದಿನ 22 ವರ್ಷದ ಲೆಕ್ಕವನ್ನು ಅವತ್ತು ಮೇಜಿನ ಮೇಲೆ ಇಡುವವರು ಕಿರಿಸೊಸೆ.