ಜರ್ಮನಿಯಲ್ಲಿ ಬಾಡಿಗೆ ಕಾರು ತಗೊಂಡು, ಅಲ್ಲಿನ ಹೆದ್ದಾರಿ ಆಟೋಬಾನ್‌ನಲ್ಲಿ ಜೋರಾಗಿ ಓಡಿಸಿ, ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕ್‌ಗೂ ಇಳಿಸಬಹುದೇ?

ಆಟೋಬಾನ್‌ಗೆ ಖಂಡಿತ ಹೋಗಿ. ಆದರೆ ಎಲ್ಲ ಕಡೆ ವೇಗಮಿತಿ ಇಲ್ಲ ಅಂದುಕೊಳ್ಳಬೇಡಿ. ಕಾಮಗಾರಿ ಇರುವಲ್ಲಿ, ದೊಡ್ಡ ಊರುಗಳ ಹತ್ತಿರ ಮಿತಿಯ ಬೋರ್ಡ್ ಇರುತ್ತದೆ. ಮಿತಿ ಇಲ್ಲದ ಕಡೆಯೂ ಸರ್ಕಾರದ ಸಲಹೆ ಗಂಟೆಗೆ 130 ಕಿ.ಮೀ. ಎಡ ಲೇನ್ ಓವರ್‌ಟೇಕ್‌ಗೆ ಮಾತ್ರ, ಮುಗಿದ ಕೂಡಲೇ ಬಲಕ್ಕೆ ಬನ್ನಿ. ಕನ್ನಡಿಯಲ್ಲಿ ದೂರ ಕಂಡ ಕಾರು ಕ್ಷಣದಲ್ಲಿ ನಿಮ್ಮ ಬೆನ್ನ ಹಿಂದೆಯೇ ಇರುತ್ತದೆ!

ಇನ್ನು ನ್ಯೂರ್ಬರ್ಗ್‌ರಿಂಗ್‌ನಲ್ಲಿ 1927ರಲ್ಲಿ ಶುರುವಾದ ಹಳೆಯ ಟ್ರ್ಯಾಕ್ ನಾರ್ಡ್‌ಶ್ಲೈಫೆ ಸುಮಾರು 20.8 ಕಿ.ಮೀ. ಉದ್ದ. ಜನರಿಗೆ ಬಿಡುವ ದಿನ ಅದು ಟೋಲ್ ಕಟ್ಟುವ ಒನ್‌ವೇ ರಸ್ತೆ ಇದ್ದಂತೆ. ಸಾಮಾನ್ಯ ಬಾಡಿಗೆ ಕಾರನ್ನು ಅಲ್ಲಿಗೆ ಇಳಿಸಲೇಬೇಡಿ. ಹೆಚ್ಚಿನ ಕರಾರುಗಳಲ್ಲಿ ಅದಕ್ಕೆ ಅನುಮತಿ ಇಲ್ಲ. ಗುದ್ದಿದರೆ ತಡೆಬೇಲಿ ರಿಪೇರಿಯ ಖರ್ಚೂ ನಿಮ್ಮ ತಲೆಗೇ. ಟ್ರ್ಯಾಕ್‌ಗೆಂದೇ ಸಜ್ಜುಮಾಡಿದ ಕಾರುಗಳು ಅಲ್ಲೇ ಬಾಡಿಗೆಗೆ ಸಿಗುತ್ತವೆ.