‘ಎನ್ನಲಾಗುತ್ತಿದೆ’ ಅಂದರೆ ಯಾರು ಅಂದದ್ದು?

ಶಿರಸಿಯಿಂದ ನೀವು ಕಳಿಸಿದ ‘ಬಾಹ್ಯಾಕಾಶದ ಗುತ್ತಿಗೆ ದಂಧೆ’ ಲೇಖನ ಓದಿದೆ. ದೇವಿಮನೆ ಘಟ್ಟದಲ್ಲಿ ಬಸ್ಸು ಸಿಕ್ಕಿಬಿದ್ದಾಗ ‘ಚಂದ್ರನಿಗೆ ದಾರಿ ಮಾಡಿದವರಿಗೆ ಕುಮಟೆಗೆ ಮಾಡಲಾಗಲಿಲ್ಲ’ ಎಂದು ಗೊಣಗುವ ಅಜ್ಜ ಚೆನ್ನಾಗಿದ್ದಾನೆ. ಭಾಷೆಯೂ ಪರವಾಗಿಲ್ಲ. ನನಗೆ ಸಿಟ್ಟು ಬಂದದ್ದು ಎರಡನೇ ಪುಟಕ್ಕೆ.

‘ನಾಸಾದ ರಾಕೆಟ್ಟಿಗೆ ಕೋಟಿಗಟ್ಟಲೆ ಸುರಿದು ಗುತ್ತಿಗೆದಾರರು ಕೊಬ್ಬಿದ್ದಾರೆ ಎನ್ನಲಾಗುತ್ತಿದೆ.’ ಯಾರು ಅಂದದ್ದು? ನಾನು ಪತ್ರಿಕೆಯ ಡೆಸ್ಕಿನಲ್ಲಿ ಹೊಸಬನಾಗಿದ್ದಾಗ ಈ ಪದ ಕಂಡಲ್ಲೆಲ್ಲ ಹಿರಿಯರು ಕೆಂಪು ಶಾಯಿಯಲ್ಲಿ ‘ಯಾರಪ್ಪ?’ ಎಂದು ಬರೆದು ವಾಪಸು ಕೊಡುತ್ತಿದ್ದರು. ನಿಮ್ಮ ಹಾಳೆಯ ಮೇಲೆ ನಾನೂ ಅದನ್ನೇ ಬರೆದಿದ್ದೇನೆ, ಒಂಬತ್ತು ಕಡೆ. ಇಲ್ಲಂತೂ ಹೆಸರು ಮುಚ್ಚಿಡುವ ಅಗತ್ಯವೇ ಇಲ್ಲ. ನಾಸಾದ್ದೇ ಇನ್‌ಸ್ಪೆಕ್ಟರ್ ಜನರಲ್, ಅಂದರೆ ಒಳಗಿನ ತಪಾಸಣಾಧಿಕಾರಿ, 2022ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಲೆಕ್ಕ ಇಟ್ಟಿದ್ದಾರೆ: ಚಂದ್ರನಿಗೆ ಮನುಷ್ಯರನ್ನು ಕಳಿಸುವ ಆರ್ಟೆಮಿಸ್ ಯೋಜನೆಯ ಮೊದಲ ನಾಲ್ಕು ಹಾರಾಟಗಳಿಗೆ ತಲಾ 410 ಕೋಟಿ ಡಾಲರ್. ಅದರಲ್ಲಿ ಎಸ್‌ಎಲ್‌ಎಸ್ ರಾಕೆಟ್ಟಿನ ಪಾಲು 220 ಕೋಟಿ. ಉಳಿದದ್ದು ಓರಾಯನ್ ನೌಕೆ, ನೆಲದ ವ್ಯವಸ್ಥೆ. ರಾಕೆಟ್ಟನ್ನು ರೂಪಿಸಿದ ಖರ್ಚು ಇದರಲ್ಲಿ ಸೇರಿಲ್ಲ. ನಿಮ್ಮ ‘ಕೋಟಿಗಟ್ಟಲೆ’ಗಿಂತ ಇದೇ ಹೆಚ್ಚು ಕುಟುಕುತ್ತದೆ.

ಮುಂದಿನ ಸಾಲು: ‘ಗುತ್ತಿಗೆ ಎಲ್ಲಿ ಹೋದರೂ ಗುತ್ತಿಗೆಯೇ.’ ಅಲ್ಲ ಮಾರಾಯ್ರೇ. ಮನೆ ಕಟ್ಟಿಸಿದವರನ್ನು ಕೇಳಿ ನೋಡಿ. ದಿನಗೂಲಿ ಲೆಕ್ಕಕ್ಕೆ ಕೊಟ್ಟರೆ ಗೋಡೆ ಏಳುವುದೇ ಇಲ್ಲ. ಒಟ್ಟು ಗುತ್ತಿಗೆಗೆ ಕೊಟ್ಟರೆ ಬೇಗ ಏಳುತ್ತದೆ, ಆದರೆ ಸಿಮೆಂಟಿನ ಮೇಲೆ ಕಣ್ಣಿಡಬೇಕು. ಎಸ್‌ಎಲ್‌ಎಸ್‌ನ ಮುಖ್ಯ ಹಂತಕ್ಕೆ ಬೋಯಿಂಗ್ ಜೊತೆ ಆದ ಕರಾರು ಮೊದಲ ಬಗೆಯದು: ಆದ ಖರ್ಚೆಲ್ಲ ಸರ್ಕಾರದ್ದು, ಮೇಲೊಂದಿಷ್ಟು ಶುಲ್ಕ. ತಡವಾದಷ್ಟೂ ಬಿಲ್ಲು ಬೆಳೆಯುತ್ತದೆ. ಅದೇ ಬೋಯಿಂಗ್ 2014ರಲ್ಲಿ ಗಗನಯಾತ್ರಿಗಳನ್ನು ಒಯ್ಯುವ ಸ್ಟಾರ್‌ಲೈನರ್‌ಗೆ ಒಪ್ಪಿದ್ದು ನಿಗದಿತ ದರಕ್ಕೆ, 420 ಕೋಟಿ ಡಾಲರ್. ಅದೇ ಕೆಲಸಕ್ಕೆ ಸ್ಪೇಸ್‌ಎಕ್ಸ್‌ಗೆ 260 ಕೋಟಿ. 2024ರಲ್ಲಿ ಹೀಲಿಯಂ ಸೋರಿ, ಥ್ರಸ್ಟರುಗಳು ಕೈಕೊಟ್ಟು, ಸ್ಟಾರ್‌ಲೈನರ್ ಯಾತ್ರಿಗಳನ್ನು ಬಾಹ್ಯಾಕಾಶ ನಿಲ್ದಾಣದಲ್ಲೇ ಬಿಟ್ಟು ಖಾಲಿ ಮರಳಿತು. 150 ಕೋಟಿ ಡಾಲರಿಗೂ ಮೀರಿದ ನಷ್ಟ ಕಂಪನಿಯ ತಲೆಗೇ ಬಂತು. ಹಾಗಂತ ನಿಗದಿತ ದರವನ್ನೂ ಪೂರಾ ನಂಬಬೇಡಿ: ಆ ಕರಾರಿಗೆ ನಾಸಾ ನಡುವೆ 28.7 ಕೋಟಿ ಡಾಲರ್ ಸೇರಿಸಿಕೊಟ್ಟದ್ದನ್ನು 2019ರ ತಪಾಸಣಾ ವರದಿ ಎತ್ತಿ ತೋರಿಸಿದೆ. ಅನುಮಾನ ಪಡುವುದಾದರೆ ಇಂಥಲ್ಲಿ ಪಡಿ.

ದೇವಾಸ್ ಪ್ಯಾರಾದಲ್ಲಿ ಹಣದ ದಿಕ್ಕೇ ತಿರುಗಿಹೋಗಿದೆ. ‘ಇಸ್ರೋ ದೇವಾಸ್‌ಗೆ ಗುತ್ತಿಗೆ ಹಣ ಕೊಟ್ಟಿತು’ ಅಂದಿದ್ದೀರಿ. 2005ರ ಜನವರಿಯ ಆ ಒಪ್ಪಂದದಲ್ಲಿ ಇಸ್ರೋದ ವ್ಯಾಪಾರ ಅಂಗವಾದ ಆಂಟ್ರಿಕ್ಸ್ ಮನೆ ಮಾಲೀಕ, ದೇವಾಸ್ ಎಂಬ ಖಾಸಗಿ ಕಂಪನಿ ಬಾಡಿಗೆದಾರ. ಬಾಡಿಗೆಗೆ ಹೋಗಬೇಕಿದ್ದದ್ದು ಎರಡು ಉಪಗ್ರಹಗಳ ಎಸ್-ಬ್ಯಾಂಡ್ ಟ್ರಾನ್ಸ್‌ಪಾಂಡರುಗಳು, ಅಂದರೆ ಎಸ್-ಬ್ಯಾಂಡ್ ತರಂಗಗಳಲ್ಲಿ ಸಂಕೇತ ಪಡೆದು ಮರಳಿಸುವ ಉಪಕರಣಗಳು; ತರಂಗಗಳು ಅಗ್ಗಕ್ಕೆ ಹೋದವೆಂಬುದೇ ತಕರಾರು. 2011ರಲ್ಲಿ ರದ್ದಾಯಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ವಂಚನೆ ನಡೆದಿದೆಯೆಂದು ಒಪ್ಪಿ, ಕಂಪನಿ ಮುಚ್ಚುವ ಆದೇಶವನ್ನು ಎತ್ತಿಹಿಡಿಯಿತು.

ನಮ್ಮಲ್ಲಿಯ ಗುತ್ತಿಗೆಯೇ ಬೇಕಿದ್ದರೆ, 2022ರಲ್ಲಿ ಐದು ಪಿಎಸ್‌ಎಲ್‌ವಿ ರಾಕೆಟ್ ಕಟ್ಟಲು ಎಚ್‌ಎಎಲ್ ಮತ್ತು ಎಲ್ ಆ್ಯಂಡ್ ಟಿ ಜೋಡಿಗೆ ಬಾಹ್ಯಾಕಾಶ ಇಲಾಖೆಯ ವ್ಯಾಪಾರ ಕಂಪನಿ ಎನ್‌ಎಸ್‌ಐಎಲ್ ಕೊಟ್ಟದ್ದಿದೆ, ಸುಮಾರು 860 ಕೋಟಿ ರೂಪಾಯಿ. ನಿಮ್ಮ ಆರು ಪುಟದಲ್ಲಿ ಅದರ ಸುಳಿವೇ ಇಲ್ಲ. ಯಾವುದಾದರೂ ಭಾಗ ಪರೀಕ್ಷೆಯಲ್ಲಿ ಕೆಟ್ಟರೆ ಯಾರ ಖರ್ಚು, ತಡವಾದರೆ ದಂಡ ಎಷ್ಟು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ವ್ಯಾಪಾರದ ಗುಟ್ಟೆಂದು ತಳ್ಳಿಹಾಕಿದರೆ ಆ ಹಿಂಬರಹವನ್ನೇ ಲಗತ್ತಿಸಿ ಲೇಖನ ಮತ್ತೆ ಕಳಿಸಿ. ಅಜ್ಜನನ್ನು ಮಾತ್ರ ಮುಟ್ಟಬೇಡಿ.